ನಿಸ್ತಂತು ಪೆಟ್ಟಿಗೆಯೂ ದೋಷಶೋಧನೆಯ ಕ್ರಮವೂ

ಮಕ್ಕಳೇ, ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಕಚೇರಿಯ ಮುಂದಿನ ಬೆಂಚಿನಲ್ಲಿ ಒಬ್ಬ ತಾಯಿ ಎರಡು ದಿನ ಕಾದು ಕುಳಿತು ಬರಿಗೈಯಲ್ಲಿ ಹಿಂದಿರುಗಿದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಆಕೆ ಬೀಡಿ ಕಟ್ಟಿ ಜೀವನ ಸಾಗಿಸುವವರು. ಮಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ಅಂತರಜಾಲದ ಮೂಲಕ ಕಳುಹಿಸಬೇಕಾಗಿತ್ತು. ಗುಮಾಸ್ತರು ಪುಟಗಳನ್ನೆಲ್ಲ ತುಂಬಿ ಮುಗಿಸುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು, ತುಂಬಿದ್ದೆಲ್ಲವೂ ಅಳಿಸಿಹೋಯಿತು. ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನವೇ ಕೊನೆಯ ದಿನ. ಕಾಗದಪತ್ರಗಳನ್ನು ಹಿಡಿದುಕೊಂಡು ಪೇಟೆಯ ಅಕ್ಷಯ ಕೇಂದ್ರಕ್ಕೆ ಹೋಗಿ, ಸಂಜೆಯ ಹೊತ್ತಿಗೆ ಹೇಗೋ ಅರ್ಜಿಯನ್ನು ಕಳುಹಿಸಿದ್ದಾಯಿತು. ಅರ್ಜಿ ಉಳಿಯಿತು, ನಿಜ. ಆದರೆ ಆ ತಾಯಿಯ ಎರಡು ದಿನಗಳ ಸಂಪಾದನೆಯನ್ನು ಹಿಂದೆ ಕೊಡುವವರಾರು? ಈ ಪ್ರಶ್ನೆಯೇ ಈ ಪಾಠಕ್ಕೆ ಕಾರಣವಾಯಿತು.

"ನೆಟ್ ಇಲ್ಲ" ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಇದು "ಮೈಯಲ್ಲಿ ಹುಷಾರಿಲ್ಲ" ಎಂದ ಹಾಗೆ. ಅಷ್ಟರಿಂದಲೇ ವೈದ್ಯರು ಮದ್ದು ಕೊಡಲಾರರು. ನೋವು ಎಲ್ಲಿ, ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಎಂದು ವಿಚಾರಿಸುತ್ತಾರೆ. ಯಂತ್ರದ ವಿಷಯದಲ್ಲಿಯೂ ಕ್ರಮ ಇದೇ ಎಂದು ತಿಳಿಯಬೇಕು.

ಮೊದಲು ಸಂದೇಶವು ಬರುವ ದಾರಿಯನ್ನು ನೋಡೋಣ. ಅದರಲ್ಲಿ ಮೂರು ಘಟ್ಟಗಳುಂಟು. ಮೊದಲನೆಯದು, ಬೀದಿಯ ಕಂಬದಿಂದ ಕಚೇರಿಯವರೆಗೆ ಬರುವ ಗಾಜಿನ ಎಳೆ. ಕೂದಲಿನಷ್ಟು ತೆಳ್ಳಗಿನ ಈ ಎಳೆಯೊಳಗೆ ಸಂದೇಶವು ಬೆಳಕಿನ ರೂಪದಲ್ಲಿ ಹರಿದುಬರುತ್ತದೆ. ಶುದ್ಧವಾದ ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಸಾಗಿಸಬಹುದೆಂದು ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿಯು 1966ರಲ್ಲಿ ತೋರಿಸಿಕೊಟ್ಟರು. ಇದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಎರಡನೆಯ ಘಟ್ಟವೆಂದರೆ ಗೋಡೆಯ ಮೇಲಿನ ಪೆಟ್ಟಿಗೆ. ಅದು ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಹಂಚುತ್ತದೆ. ಮೂರನೆಯದು, ಪೆಟ್ಟಿಗೆಯಿಂದ ಕಂಪ್ಯೂಟರಿನವರೆಗಿನ ಗಾಳಿಯ ದಾರಿ. ಇಲ್ಲಿ ಸಂದೇಶವನ್ನು ಒಯ್ಯುವುದು ರೇಡಿಯೋ ತರಂಗ.

ಈ ಮೂರನೆಯ ಘಟ್ಟಕ್ಕೆ ಸ್ವಾರಸ್ಯವಾದ ಇತಿಹಾಸವುಂಟು. ಹವಾಯಿ ದ್ವೀಪಗಳಲ್ಲಿ ಸಮುದ್ರವನ್ನು ದಾಟಿ ತಂತಿ ಎಳೆಯುವುದು ಕಷ್ಟವಾದುದರಿಂದ, ಅಲ್ಲಿನ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ಕಂಪ್ಯೂಟರುಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಎರಡು ಕಡೆಯವರು ಒಮ್ಮೆಲೇ ಮಾತನಾಡಿದರೆ ಎರಡು ಸಂದೇಶಗಳೂ ಕೆಡುತ್ತಿದ್ದುವು. ಆಗ ಇಬ್ಬರೂ ತುಸು ತಡೆದು ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಕಳುಹಿಸಬೇಕಾಗಿತ್ತು. ಇಂದಿನ ಪೆಟ್ಟಿಗೆಗಳು ಮೊದಲು ಕಿವಿಗೊಟ್ಟು, ಯಾರೂ ಮಾತನಾಡುತ್ತಿಲ್ಲವೆಂದು ತಿಳಿದ ಮೇಲೆ ಮಾತನಾಡುತ್ತವೆ. ತರಗತಿಯಲ್ಲಿ ಕೈಯೆತ್ತಿ ಸರದಿ ಕಾಯುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಜಾಲಕ್ಕೆ ಸರ್ವಸಮ್ಮತವಾದ ನಿಯಮಾವಳಿಯು 1997ರಲ್ಲಿ ಹೊರಬಿತ್ತು. "ವೈಫೈ" ಎಂಬ ಹೆಸರು 1999ರಲ್ಲಿ ಬಂದಿತು.

ಇನ್ನು ಸ್ವಲ್ಪ ಗಣಿತ. ವೈಫೈ ತರಂಗಗಳಲ್ಲಿ ಒಂದು ಬಗೆಯವು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತವೆ. ರೇಡಿಯೋ ತರಂಗದ ವೇಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದ 12.5 ಸೆಂಟಿಮೀಟರು ಎಂದು ದೊರೆಯುತ್ತದೆ. ಇನ್ನೊಂದು ಬಗೆಯವು 500 ಕೋಟಿಗಿಂತ ಹೆಚ್ಚು ಸಲ ಕಂಪಿಸುತ್ತವೆ; ಅವು ಹೆಚ್ಚು ಸಂದೇಶವನ್ನು ಹೊರಬಲ್ಲುವು, ಆದರೆ ಗೋಡೆಯನ್ನು ದಾಟುವಾಗ ಮತ್ತಷ್ಟು ಸೊರಗುತ್ತವೆ. ಬಯಲಿನಲ್ಲಿಯೂ ದೂರ ಎರಡು ಪಟ್ಟಾದರೆ ತರಂಗದ ಬಲವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ನಮ್ಮೂರಿನ ದಪ್ಪ ಮುರಕಲ್ಲಿನ ಗೋಡೆಯು, ಅದರಲ್ಲಿಯೂ ಮಳೆನೀರು ಕುಡಿದ ಗೋಡೆಯು, ಅದನ್ನು ಇನ್ನಷ್ಟು ಹೀರುತ್ತದೆ. ಉಕ್ಕಿನ ಕಪಾಟಾದರೋ ಕನ್ನಡಿಯು ಬೆಳಕನ್ನು ಹಿಮ್ಮೆಟ್ಟಿಸುವಂತೆ ಅದನ್ನು ಹಿಮ್ಮೆಟ್ಟಿಸುತ್ತದೆ.

ಈಗ ನಮ್ಮ ಕಚೇರಿಯ ಕಥೆಗೆ ಬರೋಣ. ಆ ತಾಯಿ ಬರುವುದಕ್ಕೆ ಮೊದಲೇ ನಾವು ಸಂಪರ್ಕ ಒದಗಿಸುವ ಕಂಪೆನಿಗೆ ಮೂರು ಸಲ ದೂರು ಕೊಟ್ಟಿದ್ದೆವು. "ಹತ್ತು ಗಂಟೆಗೆ ಬರುತ್ತೇವೆ" ಎಂದವರಿಗಾಗಿ ಗುಮಾಸ್ತರು ಊಟವನ್ನೂ ಬಿಟ್ಟು ಕಾದರು; ರಿಪೇರಿಯ ಹುಡುಗ ಬಂದದ್ದು ಸಂಜೆ ನಾಲ್ಕಕ್ಕೆ. ಬಂದವನು ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿ, ತನ್ನ ಮೊಬೈಲಿನಲ್ಲಿ ನೋಡಿ, "ಈಗ ಸರಿ ಉಂಟಲ್ಲ, ಮಾಷ್ಟ್ರೇ?" ಎಂದ. ಸರಿಯಾಗಿಯೇ ಇತ್ತು! ರುಜು ಹಾಕಿಸಿಕೊಂಡು ಹೋದ. ಮರುದಿನ ಮತ್ತೆ ಮೊದಲಿನಂತೆ. ಎರಡನೆಯ ಸಲ ಬೇರೊಬ್ಬ ಬಂದ. ಮೊದಲನೆಯವನು ಏನು ಮಾಡಿದನೆಂದು ಅವನಿಗೆ ತಿಳಿದಿರಲಿಲ್ಲ. ಮೂರನೆಯ ಸಲ ಬಂದವನು, "ನಿಮ್ಮ ಕಂಪ್ಯೂಟರೇ ಹಳತು" ಎಂದುಬಿಟ್ಟ. ನಮಗೆ ಕೋಪ ಬಂತು. ಆದರೆ ಕೋಪದಿಂದ ದೋಷವು ಪತ್ತೆಯಾಗುವುದಿಲ್ಲ.

ಅರ್ಜಿಯ ಪ್ರಸಂಗವಾದ ಮೇಲೆ ಗುಮಾಸ್ತರು ಒಂದು ನೋಟುಪುಸ್ತಕದಲ್ಲಿ ಐದು ಅಂಕಣಗಳನ್ನು ಎಳೆದರು: ದಿನಾಂಕ, ಸಂಪರ್ಕ ಕಡಿದ ವೇಳೆ, ಪೆಟ್ಟಿಗೆಯ ಯಾವ ದೀಪಗಳು ಉರಿಯುತ್ತಿವೆ, ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ ಕೆಲಸ ನಡೆಯುತ್ತದೆಯೆ, ಅದೇ ಹೊತ್ತಿನಲ್ಲಿ ಶಾಲೆಯಲ್ಲಿ ಬೇರೇನು ನಡೆಯುತ್ತಿತ್ತು. ಈ ಅಂಕಣಗಳ ಅರ್ಥವನ್ನು ಗಮನಿಸಿರಿ. ಎಲ್‌ಓಎಸ್ ಎಂದು ಬರೆದಿರುವ ದೀಪವು ಕೆಂಪಾಗಿ ಮಿನುಗಿದರೆ ಬೆಳಕು ಪೆಟ್ಟಿಗೆಗೆ ತಲುಪುತ್ತಿಲ್ಲ. ದೋಷವು ಮೊದಲನೆಯ ಘಟ್ಟದಲ್ಲಿದೆ. ದೀಪಗಳೆಲ್ಲ ಒಮ್ಮೆಲೇ ಆರಿದರೆ ಪೆಟ್ಟಿಗೆಗೆ ವಿದ್ಯುತ್ತು ಸಿಗುತ್ತಿಲ್ಲ; ದೋಷವು ಎರಡನೆಯದರಲ್ಲಿದೆ. ದೀಪಗಳು ಸರಿಯಾಗಿದ್ದು, ತಂತಿಯ ಕಂಪ್ಯೂಟರು ನಡೆದು, ವೈಫೈ ಮಾತ್ರ ನಡೆಯದಿದ್ದರೆ ದೋಷವು ಮೂರನೆಯದರಲ್ಲಿದೆ.

ಎರಡು ವಾರಗಳಲ್ಲಿ ಪುಸ್ತಕವು ತಾನಾಗಿಯೇ ಮಾತನಾಡತೊಡಗಿತು. ಸಂಪರ್ಕವು ಕಡಿಯುತ್ತಿದ್ದುದು ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಮತ್ತು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಆಗ ದೀಪಗಳೆಲ್ಲವೂ ಆರಿ ಮತ್ತೆ ಹೊತ್ತುತ್ತಿದ್ದುವು. ಕೊನೆಯ ಅಂಕಣದಲ್ಲಿ ಎರಡು ಹೊತ್ತಿಗೂ ಒಂದೇ ಮಾತು: "ಬಾವಿಯ ಪಂಪು ಚಾಲೂ". ಅಡುಗೆಗಾಗಿ ಒಮ್ಮೆ, ಊಟದ ತಟ್ಟೆಗಳನ್ನು ತೊಳೆಯಲು ಇನ್ನೊಮ್ಮೆ ಪಂಪನ್ನು ನಡೆಯಿಸುವುದುಂಟು. ಪಂಪು ಹೊರಡುವ ಕ್ಷಣದಲ್ಲಿ ವೋಲ್ಟೇಜು ಕುಸಿಯುತ್ತಿತ್ತು. ಪೆಟ್ಟಿಗೆಯ ಅಡಾಪ್ಟರು ಹಳತಾಗಿ ದುರ್ಬಲವಾಗಿದ್ದುದರಿಂದ ಆ ಕುಸಿತವನ್ನು ತಾಳಲಾರದೆ ಪೆಟ್ಟಿಗೆಯು ಆರಿಹೋಗುತ್ತಿತ್ತು. ರಿಪೇರಿಯವರು ಬರುವ ನಾಲ್ಕು ಗಂಟೆಗೆ ಪಂಪು ನಡೆಯುತ್ತಲೇ ಇರಲಿಲ್ಲ! ಆಗ ಗುಮಾಸ್ತರು ನೆನಪಿಸಿಕೊಂಡರು: ಆ ತಾಯಿಯ ಅರ್ಜಿಯು ಮೊದಲ ದಿನ ಕೆಟ್ಟದ್ದು ಬೆಳಗ್ಗೆ, ಎರಡನೆಯ ದಿನ ಕೆಟ್ಟದ್ದು ಊಟವಾದ ಮೇಲೆ.

ಪುಸ್ತಕದಿಂದ ಮತ್ತೊಂದು ಸಂಗತಿಯೂ ಹೊರಬಿತ್ತು. ಮುಖ್ಯೋಪಾಧ್ಯಾಯರ ಕೋಣೆಯ ತೊಂದರೆಯು ಬೇರೆಯೇ ಆಗಿತ್ತು. ಅಲ್ಲಿ ದಿನವಿಡೀ ವೈಫೈ ಮಂದ. ಆದರೆ ದೀಪಗಳೂ ತಂತಿಯ ಕಂಪ್ಯೂಟರೂ ಸರಿ. ಪೆಟ್ಟಿಗೆಗೂ ಆ ಕೋಣೆಗೂ ನಡುವೆ ಎರಡು ಮುರಕಲ್ಲಿನ ಗೋಡೆಗಳು ಮತ್ತು ನಾವೇ ತಂದಿರಿಸಿದ ಉಕ್ಕಿನ ಕಪಾಟು. ಎರಡು ರೋಗಗಳನ್ನು ಒಂದೇ ಹೆಸರಿನಿಂದ ಕರೆದುದರಿಂದಲೇ ಒಂದಕ್ಕೂ ಮದ್ದು ದೊರೆಯಲಿಲ್ಲ.

ನಾಲ್ಕನೆಯ ಸಲ ದೂರು ಕೊಡುವಾಗ ಪುಸ್ತಕದ ಪುಟಗಳ ನಕಲನ್ನೂ ಕಳುಹಿಸಿದೆವು. ಬಂದವನು ಅದನ್ನು ಓದಿ, ಪಂಪನ್ನು ಚಾಲೂ ಮಾಡಿಸಿ ನೋಡಿ, ಅಡಾಪ್ಟರನ್ನು ಬದಲಾಯಿಸಿದ. ನಾವು ಪಂಪಿಗೆ ಪ್ರತ್ಯೇಕ ವಿದ್ಯುತ್ ಮಾರ್ಗವನ್ನು ಹಾಕಿಸಿದೆವು. ಪೆಟ್ಟಿಗೆಯನ್ನು ಪಡಸಾಲೆಯ ನಡುವೆ ಎತ್ತರದಲ್ಲಿ ಇರಿಸಿದೆವು. ತಪ್ಪು ಅವರದೂ ಇತ್ತು, ನಮ್ಮದೂ ಇತ್ತು. "ಯಾವ ಹೊತ್ತಿನಲ್ಲಿ ಕಡಿಯುತ್ತದೆ?" ಎಂದು ಅವರು ಕೇಳಲಿಲ್ಲ, ನಾವು ಹೇಳಲೂ ಇಲ್ಲ.

ತಾಯ್ತಂದೆಯರಿಗೂ ಒಂದು ಮಾತು. ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು ತಪ್ಪದೆ ಕೇಳಿ ಬರೆದಿಟ್ಟುಕೊಳ್ಳಿರಿ. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಪರಿಹಾರವು ತೃಪ್ತಿಕರವಲ್ಲದಿದ್ದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಕೆಲಸ ಪೂರ್ತಿಯಾಗದೆ "ಸರಿಯಾಯಿತು" ಎಂಬ ಕಾಗದಕ್ಕೆ ರುಜು ಹಾಕಬೇಡಿರಿ. ತುಲಾ ಮಾಸದ ಗುಡುಗು ಸಿಡಿಲಿನ ಸಮಯದಲ್ಲಿ ಪೆಟ್ಟಿಗೆಯ ಪ್ಲಗ್ಗನ್ನು ಮುಂಚಿತವಾಗಿಯೇ ಕಳಚಿರಿ. ಮಕ್ಕಳು ಕಡಿದ ಗಾಜಿನ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರೊಳಗಿನ ಬೆಳಕು ಕಣ್ಣಿಗೆ ಕಾಣಿಸದಿದ್ದರೂ ಕಣ್ಣಿಗೆ ಕೇಡು.

ಕಂಡುದನ್ನು ಕಂಡ ಹೊತ್ತಿನಲ್ಲಿಯೇ ಬರೆದಿಡುವುದು ವಿಜ್ಞಾನದ ಮೊದಲ ಪಾಠ. ನಮ್ಮ ಕಚೇರಿಗೆ ಅದನ್ನು ಕಲಿಸಿದ್ದು ಐದು ಅಂಕಣಗಳ ಒಂದು ನೋಟುಪುಸ್ತಕ. ಈ ವರ್ಷದ ಅರ್ಜಿಗಳಿಗಾಗಿ ಬೆಂಚಿನ ಮೇಲೆ ಯಾವ ತಾಯಿಯೂ ಎರಡನೆಯ ದಿನ ಕಾಯಬೇಕಾಗಿ ಬರಲಿಲ್ಲ.

ಅಭ್ಯಾಸ

1. ಸೆಕೆಂಡಿಗೆ 500 ಕೋಟಿ ಸಲ ಕಂಪಿಸುವ ತರಂಗದ ಉದ್ದವೆಷ್ಟು?
2. ಪೆಟ್ಟಿಗೆಯಿಂದ 3 ಮೀಟರು ದೂರದಲ್ಲಿರುವ ತರಂಗದ ಬಲವು ಬಯಲಿನಲ್ಲಿ 12 ಮೀಟರು ದೂರಕ್ಕೆ ಎಷ್ಟನೆಯ ಪಾಲಿಗೆ ಇಳಿಯುತ್ತದೆ?
3. ನಿಮ್ಮ ಮನೆಯಲ್ಲಿ ಆಗಾಗ ಕೆಡುವ ಒಂದು ವಸ್ತುವನ್ನು ಆರಿಸಿಕೊಂಡು, ಎರಡು ವಾರಗಳ ಕಾಲ ಐದು ಅಂಕಣಗಳಲ್ಲಿ ಬರೆದಿಡಿರಿ. ನಿಮಗೆ ಏನು ತಿಳಿದುಬಂತು?