ಪಾಳಿಪಟ್ಟಿ ಮತ್ತು ಬಳಲಿಕೆ: ರಾಯಚೂರು ಜಿಲ್ಲೆಯ ಶುಶ್ರೂಷಕಿಯರ ಅನುಭವ

ಆಸ್ಪತ್ರೆಗಳಲ್ಲಿ ‘ಬರ್ನ್‌ಔಟ್’ ಎಂದು ಕರೆಯಲಾಗುವ ವೃತ್ತಿಬಳಲಿಕೆಯು ಒಂದು ರಾತ್ರಿಯ ನಿದ್ದೆಗೆ ಕಳೆಯುವ ದಣಿವಿಗಿಂತ ಭಿನ್ನವಾದುದು. ಮನಸ್ಸು ಬರಿದಾಗುವುದು, ರೋಗಿಯು ಬರೀ ಹಾಸಿಗೆಯ ಸಂಖ್ಯೆಯಾಗಿ ಕಾಣತೊಡಗುವುದು, ಮಾಡಿದ ಕೆಲಸಕ್ಕೆ ಅರ್ಥವೇ ಇಲ್ಲವೆನಿಸುವುದು ಎಂಬ ಮೂರು ಲಕ್ಷಣಗಳನ್ನು ಮನೋವಿಜ್ಞಾನಿ ಕ್ರಿಸ್ಟಿನಾ ಮ್ಯಾಸ್ಲಾಕ್ ಇದರಲ್ಲಿ ಗುರುತಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣವು ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಕೆಲಸದ ಸ್ಥಳದಲ್ಲಿ ಬಹುಕಾಲ ಪರಿಹಾರ ಕಾಣದೆ ಉಳಿದ ಒತ್ತಡದ ಫಲವೆಂದು ವಿವರಿಸಿದೆ. ಹೀಗಿದ್ದರೂ ದೋಷವನ್ನು ಶುಶ್ರೂಷಕಿಯ ಮನೋಬಲದಲ್ಲೇ ಹುಡುಕುವ ರೂಢಿ ಇನ್ನೂ ಹೋಗದಿರುವುದು ಅನ್ಯಾಯವೇ ಸರಿ.

ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇರಿಸಿದ ದೇವದುರ್ಗದಿಂದ, ಹಾಗೆಯೇ ಕಾಲುವೆ ನೀರಿನ ಭತ್ತದ ಗದ್ದೆಗಳಿರುವ ಮಾನ್ವಿಯಿಂದ, ರಕ್ತಹೀನತೆಯ ಗರ್ಭಿಣಿಯರು, ಹಾವು ಕಚ್ಚಿದವರು, ಕೀಟನಾಶಕ ಕುಡಿದವರು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ‘ರೆಫರ್’ ಆಗಿ ಬರುತ್ತಾರೆ. ಈ ಜಿಲ್ಲೆಯ ವಾರ್ಡುಗಳಲ್ಲಿ ದುಡಿದ ಲೇಖಕಿಗೆ ಬಳಲಿಕೆಯ ಮೂಲ ಎದ್ದು ಕಂಡದ್ದು ಈ ಸಾಗಾಟದಲ್ಲೇ. ತಾಲ್ಲೂಕು ಆಸ್ಪತ್ರೆಯ ಪಾಳಿಯಲ್ಲಿರುವ ಇಬ್ಬರಲ್ಲಿ ಒಬ್ಬ ಸಿಸ್ಟರ್ ಗಂಭೀರ ಸ್ಥಿತಿಯ ಬಾಣಂತಿಯ ಜೊತೆ ಆಂಬುಲೆನ್ಸ್ ಹತ್ತಿದರೆ ಹೆರಿಗೆ ಕೋಣೆ, ವಾರ್ಡು, ರಿಜಿಸ್ಟರು, ಇಂಡೆಂಟು, ಕಂಗಾಲಾದ ಸಂಬಂಧಿಕರ ಸಿಟ್ಟು ಎಲ್ಲವೂ ಉಳಿದೊಬ್ಬಳ ಪಾಲಾಗುತ್ತವೆ; ಹೋದವಳು ನಲವತ್ತು, ಐವತ್ತು ಕಿಲೋಮೀಟರ್ ದೂರದಿಂದ ಹಿಂತಿರುಗುವಷ್ಟರಲ್ಲಿ ಪಾಳಿ ಮುಗಿಯುತ್ತ ಬಂದಿದ್ದರೂ ಆ ಹೊತ್ತು ಪಾಳಿಪಟ್ಟಿಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ಮಾಡಬೇಕಾದ ಆರೈಕೆ ಯಾವುದೆಂದು ತಿಳಿದಿದ್ದೂ ಅದನ್ನು ಮಾಡಲು ಪರಿಸ್ಥಿತಿ ಬಿಡದಿರುವಾಗ ಹುಟ್ಟುವ ನೋವನ್ನು ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ‘ನೈತಿಕ ಸಂಕಟ’ ಎಂಬರ್ಥದ ಹೆಸರಿನಿಂದ ಕರೆದರು. ಶುಶ್ರೂಷಕಿಯರನ್ನು ಕೆಲಸದ ಭಾರಕ್ಕಿಂತಲೂ ಹೆಚ್ಚಾಗಿ ಒಳಗೊಳಗೆ ಕೊರೆಯುವುದು ಇದೇ. ಇದರ ಮೇಲೆ, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ರಾತ್ರಿಪಾಳಿ ಮುಗಿಸಿದವಳಿಗೆ ಹಗಲು ನಿದ್ದೆಯೂ ದಕ್ಕುವುದಿಲ್ಲ.

ಒಬ್ಬಳ ಪಾಲಿಗೆ ಎಷ್ಟು ಹೊರೆ ಎಂಬುದಕ್ಕೂ ಅಳತೆಯಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವು ಬೋಧನಾ ಆಸ್ಪತ್ರೆಯಲ್ಲಿ ಮೂರು, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗಳಿಗೆ ಒಬ್ಬ ಶುಶ್ರೂಷಕಿಯನ್ನೂ, ಅದರ ಮೇಲೆ ರಜೆಯಲ್ಲಿರುವವರ ಜಾಗ ತುಂಬಲು ಶೇ 30ರಷ್ಟು ಮೀಸಲು ಸಿಬ್ಬಂದಿಯನ್ನೂ ಕೇಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಲಿಂಡಾ ಏಕನ್ ತಂಡ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ ಬಳಲಿಕೆಯ ಸಂಭವ ಶೇ 23ರಷ್ಟು ಏರಿದ್ದು ಕಂಡುಬಂದಿತ್ತು.

ಆದ್ದರಿಂದ ಯೋಗ ಶಿಬಿರವಾಗಲಿ, ಮೇ 12ರ ದಾದಿಯರ ದಿನದ ಸನ್ಮಾನವಾಗಲಿ ಬಳಲಿಕೆ ತಡೆಯುವ ಮೊದಲ ಹೆಜ್ಜೆಯಾಗಲಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಆಂಬುಲೆನ್ಸ್ ಜೊತೆ ಹೋಗುವುದಕ್ಕೆಂದೇ ಒಬ್ಬರನ್ನು ಪಾಳಿಪಟ್ಟಿಯಲ್ಲಿ ಬೇರೆಯಾಗಿ ನಿಗದಿಪಡಿಸುವುದು, ದಾಖಲೆ ಕೆಲಸವನ್ನು ಗುಮಾಸ್ತರಿಗೆ ವಹಿಸುವುದು, ಸತತ ರಾತ್ರಿಪಾಳಿಗಳಿಗೆ ಮಿತಿ ಹಾಕಿ ಅನಂತರದ ‘ಆಫ್’ ಅನ್ನು ರದ್ದುಪಡಿಸದಿರುವುದು ಮೊದಲು ಆಗಬೇಕಾದ ಕೆಲಸಗಳು. ಅನುಭವ ಕಲಿಸಿದ ಇನ್ನೊಂದು ಸಂಗತಿಯೂ ಇದೆ: ಬಾಣಂತಿಯೊಬ್ಬಳು ತೀರಿಕೊಂಡ ಮರುದಿನ ವಿಚಾರಣೆಯ ಕಾಗದ ಬರುವ ಮೊದಲೇ ಹಿರಿಯ ಸಿಸ್ಟರ್ ಬಾಗಿಲು ಮುಂದೆ ಮಾಡಿ, ಯಾರ ಮೇಲೂ ತಪ್ಪು ಹೊರಿಸದೆ ಎಲ್ಲರ ಮಾತು ಕೇಳಿದ ವಾರ್ಡಿನಲ್ಲಿ ಹೊಸ ಹುಡುಗಿಯರು ಕೆಲಸ ಬಿಡದೆ ಉಳಿದರು.