ತಂತಿಯ ಕಾವಲುಗಾರರು

ಇಂಗ್ಲೆಂಡಿನ ಸೆವರ್ನ್ ನದಿಯ ಕಣಿವೆಯಲ್ಲಿ, ಕಿಡರ್‌ಮಿನ್‌ಸ್ಟರ್ ಮತ್ತು ಬ್ರಿಜ್‌ನಾರ್ತ್ ಎಂಬ ಊರುಗಳ ನಡುವೆ 16 ಮೈಲಿಗಳ ರೈಲುಹಾದಿಯೊಂದಿದೆ. ಇದರ ಬಹುಭಾಗ 1862ರಲ್ಲಿ ತೆರೆದ ಮಾರ್ಗದ್ದು. ಈ ಕಣಿವೆಯ ಉದ್ದಕ್ಕೂ ಓಡುತ್ತಿದ್ದ ಪ್ರಯಾಣಿಕರ ಗಾಡಿಗಳನ್ನು 1963ರಲ್ಲಿ ಸರ್ಕಾರವು ನಿಲ್ಲಿಸಿತು. ಎರಡು ವರ್ಷಗಳ ತರುವಾಯ ಕೆಲವು ರೈಲುಪ್ರಿಯರು ಸಂಘವೊಂದನ್ನು ಕಟ್ಟಿದರು. 1970ರಲ್ಲಿ ಹಾದಿಯ ಒಂದು ತುಂಡಿನಲ್ಲಿ ಉಗಿಬಂಡಿ ಮತ್ತೆ ಓಡಿತು. 1984ರಲ್ಲಿ ಅದು ಕಿಡರ್‌ಮಿನ್‌ಸ್ಟರನ್ನು ಮುಟ್ಟಿತು. ಸಂಬಳದ ನೌಕರರು ಅಲ್ಲಿ ಇದ್ದಾರೆ. ಆದರೆ ಆ ಹಾದಿಯ ಜೀವಾಳವೆಂದರೆ ಬಿಡುವಿನ ದಿನಗಳಲ್ಲಿ ಬಂದು ಕೂಲಿಯಿಲ್ಲದೆ ದುಡಿಯುವ ಸ್ವಯಂಸೇವಕರು.

ನೋಡಲು ಬಂದವರ ಕಣ್ಣೆಲ್ಲ ಉಗಿಯಂತ್ರದ ಮೇಲೆಯೇ. ಅದು ಸಹಜ. ಹೊಗೆ, ಸಿಳ್ಳು, ಹೊಳೆಯುವ ಹಿತ್ತಾಳೆ ಇವುಗಳ ಮುಂದೆ ಒಂದು ತಂತಿ ಯಾರ ಗಮನ ಸೆಳೆದೀತು? ಆದರೂ ಪ್ರಯಾಣಿಕರ ಪ್ರಾಣ ನಿಂತಿರುವುದು ಆ ತಂತಿಯ ಮೇಲೆಯೇ.

ಈ ಮಾರ್ಗದ ಬಹುಭಾಗ ಒಂಟಿ ಹಳಿಯದು. ಒಂಟಿ ಹಳಿಯಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಬಂದರೆ ಗತಿಯೇನು? 1874ರ ಸೆಪ್ಟೆಂಬರ್ 10ರ ರಾತ್ರಿ, ಇಂಗ್ಲೆಂಡಿನ ನಾರಿಚ್ ನಗರದ ಸಮೀಪ ಥಾರ್ಪ್ ಎಂಬಲ್ಲಿ ಹಾಗೆಯೇ ನಡೆಯಿತು. ತಂತಿ ಸಂದೇಶ ಕಳುಹಿಸುವುದರಲ್ಲಿ ಆದ ತಪ್ಪಿನಿಂದ ಎರಡು ಗಾಡಿಗಳೂ ಒಂದೇ ಹಳಿಗೆ ಇಳಿದವು. 25 ಮಂದಿ ಮಡಿದರು. ಆ ಬಳಿಕ, 1878ರಲ್ಲಿ, ಎಡ್ವರ್ಡ್ ಟೈಯರ್ ಎಂಬಾತನು ಒಂದು ಉಪಾಯವನ್ನು ರೂಪಿಸಿದನು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ; ಎರಡಕ್ಕೂ ವಿದ್ಯುತ್ ತಂತಿಯ ಸಂಬಂಧ. ಒಂದು ಯಂತ್ರದಿಂದ ಬಿಲ್ಲೆಯೊಂದು ಹೊರಬಂದಿತೆಂದರೆ, ಅದು ಈ ಯಂತ್ರವನ್ನೋ ಆ ಯಂತ್ರವನ್ನೋ ಮರಳಿ ಸೇರುವವರೆಗೆ ಮತ್ತೊಂದು ಬಿಲ್ಲೆ ಯಾವ ಕಡೆಯಿಂದಲೂ ಹೊರಬಾರದು. ಬಿಲ್ಲೆಯಿಲ್ಲದೆ ಚಾಲಕನು ಹೊರಡುವಂತಿಲ್ಲ. ನಮ್ಮ ದೇಶದ ಒಂಟಿ ಹಳಿಗಳಲ್ಲಿ ನೀಲ್ ಎಂಬುವನ ಹೆಸರಿನ ಯಂತ್ರವು ಕೊಡುತ್ತಿದ್ದ ಉಕ್ಕಿನ ಗುಂಡು ಇದೇ ತತ್ತ್ವದ್ದು. ಬಳೆಗೆ ಕಟ್ಟಿದ ಚೀಲದಲ್ಲಿ ಆ ಗುಂಡನ್ನಿಟ್ಟು ಚಾಲಕನ ಕೈಗೆ ಕೊಡುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಕಂಡಿರಬಹುದು.

ಇಂಥ ಯಂತ್ರಗಳನ್ನು ಕಾಪಾಡುವುದು ಸುಲಭವಲ್ಲ. ತೇವಕ್ಕೆ ತಂತಿಯ ಹೊದಿಕೆ ಕೆಡುತ್ತದೆ. ಬ್ಯಾಟರಿಗಳ ಬಲ ಕುಗ್ಗುತ್ತದೆ. ಲೋಹದ ತುದಿಗಳಿಗೆ ಕಿಲುಬು ಹಿಡಿಯುತ್ತದೆ. ಬಿಡಿಭಾಗ ಬೇಕೆಂದರೆ ಅವನ್ನು ತಯಾರಿಸುವವರು ಈಗ ಸಿಕ್ಕುವುದು ಅಪರೂಪ. ಮುಚ್ಚಿಹೋದ ಸಿಗ್ನಲ್ ಕೋಣೆಗಳಿಂದ ಹಳೆಯ ಯಂತ್ರಗಳನ್ನು ತಂದು, ಬಿಚ್ಚಿ, ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಬೇಕು.

ಕೂಲಿಯಿಲ್ಲದ ಕೆಲಸವಲ್ಲವೇ, ತುಸು ಹೆಚ್ಚು ಕಡಿಮೆಯಾದರೆ ಆಕ್ಷೇಪಿಸುವವರಾರು ಎಂದು ಕೇಳಬಹುದು. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲಾಪಮ್ ಜಂಕ್ಷನ್ ಬಳಿ ನಡೆದ ಅಪಘಾತವು ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿ ಕೆಲಸ ಮಾಡಿದವನು ಸ್ವಯಂಸೇವಕನಲ್ಲ, ಪಳಗಿದ ನೌಕರ; ಹದಿಮೂರು ವಾರಗಳಲ್ಲಿ ಒಂದೇ ಒಂದು ದಿನ ರಜೆ ಪಡೆದವನು. ಹಳೆಯ ತಂತಿಯೊಂದರ ಒಂದು ತುದಿಯನ್ನು ಕಳಚಿ, ಕತ್ತರಿಸದೆ ಹಾಗೆಯೇ ಬದಿಗೆ ಸರಿಸಿದನು. ಅವನ ಕೆಲಸವನ್ನು ಬೇರೊಬ್ಬರು ಪರೀಕ್ಷಿಸಲಿಲ್ಲ. ಮುಂದೆ ಆ ತುದಿ ಹಳೆಯ ಜಾಗಕ್ಕೆ ತಗುಲಿ, ಎದುರಿಗೆ ಗಾಡಿ ನಿಂತಿದ್ದರೂ ಸಿಗ್ನಲ್ ‘ಹೋಗಬಹುದು’ ಎಂದು ತೋರಿಸಿತು. ಸತ್ತವರು 35 ಜನ. ಬೆರಳುದ್ದದ ಅಜಾಗ್ರತೆ!

ಈ ಹಾದಿಯ ಸ್ವಯಂಸೇವಕರಿಗೂ ಆದ್ದರಿಂದ ರಿಯಾಯಿತಿಯಿಲ್ಲ. ಬ್ರಿಟನ್ನಿನಲ್ಲಿ ಇಂಥ ಪಾರಂಪರಿಕ ರೈಲುಹಾದಿಗಳೂ ಸರ್ಕಾರದ ಸುರಕ್ಷತಾ ಮೇಲ್ವಿಚಾರಣೆಗೆ ಒಳಪಟ್ಟಿವೆ. ಉತ್ಸಾಹವಿದ್ದ ಮಾತ್ರಕ್ಕೆ ಯಂತ್ರದ ಮುಚ್ಚಳ ತೆರೆಯುವ ಅಧಿಕಾರ ಬರುವುದಿಲ್ಲ. ಹೊಸಬನು ಬಲ್ಲವರ ಜೊತೆಯಲ್ಲಿ ದುಡಿದು, ತನ್ನ ಅರ್ಹತೆಯನ್ನು ತೋರಿಸಬೇಕು. ಪಗಾರವಿಲ್ಲದ ಕೆಲಸಕ್ಕೆ ಇಷ್ಟೊಂದು ಕಟ್ಟುಪಾಡೇ ಎಂದು ಬೇಸರಪಡುವವರು ಎಲ್ಲೆಲ್ಲಿಯೂ ಇರುತ್ತಾರೆ. ಅಂಥವರು ನಿಲ್ದಾಣದ ಹೂದೋಟಕ್ಕೆ ನೀರೆರೆಯಬಹುದು. ಅದೂ ಬೇಕಾದ ಕೆಲಸವೇ.

ದುರಸ್ತಿ ಮುಗಿದ ಮೇಲೆ ಪರೀಕ್ಷೆ. ತಂತಿಗಳು ನಕ್ಷೆಯಲ್ಲಿರುವಂತೆಯೇ ಇವೆಯೇ? ಒಂದು ಬಿಲ್ಲೆ ಹೊರಗಿರುವಾಗ ಇನ್ನೊಂದು ಬರುತ್ತದೆಯೇ? ಬಾರದೆ ಹೋದರೆ ಸಂತೋಷ. ಅನಂತರ ಗಂಟೆಯ ಗುಂಡಿಯನ್ನು ಒಮ್ಮೆ ಒತ್ತುತ್ತಾರೆ. ಮೈಲಿಗಳಾಚೆಯ ಕೋಣೆಯಲ್ಲಿ ಅದು ಮೊಳಗುತ್ತದೆ. ಅಲ್ಲಿಂದ ಮರುಗಂಟೆ ಬರುತ್ತದೆ. ಹೊರಗೆ, ಗಾಡಿಯ ಕಿಟಕಿಯಲ್ಲಿ ಕುಳಿತ ಮಕ್ಕಳು ಸಿಳ್ಳಿಗಾಗಿ ಕಾಯುತ್ತಿರುತ್ತಾರೆ.