ಮನೆಯ ಅಡಿಗಲ್ಲೂ ನೂರು ವರ್ಷದ ನೆರೆಯೂ

ನದಿಗೆ ಪಾತ್ರವಿರುವಂತೆಯೇ ನೆರೆಬಯಲೂ ಉಂಟು. ವರ್ಷದ ಬಹುಭಾಗ ನದಿಯು ಪಾತ್ರದೊಳಗೇ ಹರಿಯುವುದರಿಂದ, ಬಯಲೂ ಅದರದೇ ಎಂಬುದನ್ನು ನಾವು ಮರೆಯುತ್ತೇವೆ. ಇಂಗ್ಲೆಂಡಿನ ಸೆವರ್ನ್ ಮತ್ತು ಏವನ್ ನದಿಗಳ ಸಂಗಮದಲ್ಲಿರುವ ಟ್ಯೂಕ್ಸ್‌ಬರಿ ಪಟ್ಟಣವು 2007ರ ಜುಲೈನಲ್ಲಿ ನಡುಗಡ್ಡೆಯಾಯಿತು. ತುಸು ಎತ್ತರದಲ್ಲಿರುವ ಅಲ್ಲಿನ 12ನೆಯ ಶತಮಾನದ ಚರ್ಚಿನ ಸುತ್ತ ನೀರೇ ನೀರು. ಕೆಲವೇ ಅಡಿಗಳ ಎತ್ತರಕ್ಕೆ ಎಷ್ಟು ಬೆಲೆಯೆಂಬುದನ್ನು ಆ ದೃಶ್ಯ ತೋರಿಸಿತು.

ಆದಕಾರಣ ಆ ದೇಶದಲ್ಲಿ ಕಟ್ಟಡಕ್ಕೆ ಅನುಮತಿ ಬೇಡುವವರು ನೆರೆಯ ಅಪಾಯವನ್ನು ಅಳೆದು ತೋರಿಸಬೇಕು. ಪರಿಸರ ಏಜೆನ್ಸಿಯ ನಕ್ಷೆಯು ನೆಲವನ್ನು ವಲಯಗಳಾಗಿ ವಿಂಗಡಿಸುತ್ತದೆ. ನದಿಯ ನೆರೆ ಬರುವ ಸಂಭಾವ್ಯತೆ ವರ್ಷಕ್ಕೆ 1,000ದಲ್ಲಿ 1ಕ್ಕಿಂತ ಕಡಿಮೆಯಾದರೆ ಮೊದಲನೆಯ ವಲಯ. 1,000ದಲ್ಲಿ 1ರಿಂದ 100ರಲ್ಲಿ 1ರವರೆಗೆ ಎರಡನೆಯದು. 100ರಲ್ಲಿ 1 ಅಥವಾ ಅದಕ್ಕೂ ಹೆಚ್ಚಾದರೆ ಮೂರನೆಯದು. ತಡೆಗಟ್ಟೆಗಳಿದ್ದರೂ ಈ ವಿಂಗಡಣೆಯಲ್ಲಿ ಅವನ್ನು ಗಣಿಸುವುದಿಲ್ಲ. ಏಕೆಂದರೆ ಗಟ್ಟೆ ಒಡೆಯಬಹುದು.

‘ನೂರು ವರ್ಷದ ನೆರೆ’ ಎಂದೊಡನೆ, ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಹಲವರು ತಿಳಿಯುತ್ತಾರೆ. ಇದು ತಪ್ಪು. ನೆರೆ ಬಾರದಿರುವ ಸಂಭಾವ್ಯತೆ ಪ್ರತಿ ವರ್ಷವೂ 0.99. ಮೂವತ್ತು ವರ್ಷ ಸತತವಾಗಿ ಬಾರದಿರಬೇಕಾದರೆ 0.99ನ್ನು ಮೂವತ್ತು ಸಲ ಗುಣಿಸಬೇಕು. ಫಲ ಸುಮಾರು 0.74. ಅಂದರೆ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ನೆರೆ ಬರುವ ಸಂಭಾವ್ಯತೆ ಶೇಕಡಾ 26. ನೂರು ವರ್ಷಗಳಿಗೆ ಅದೇ ಶೇಕಡಾ 63 ಆಗುತ್ತದೆ. ಸಾಲ ಮಾಡಿ ಮನೆ ಕಟ್ಟುವವನಿಗೆ ಇದು ಅಲ್ಪ ಸಂಗತಿಯಲ್ಲ.

ಎರಡನೆಯ ಮತ್ತು ಮೂರನೆಯ ವಲಯಗಳಲ್ಲಿ ಅಪಾಯದ ವರದಿ ಕಡ್ಡಾಯ. ಮೊದಲನೆಯದರಲ್ಲಿಯೂ ನಿವೇಶನ ಒಂದು ಹೆಕ್ಟೇರು ಅಥವಾ ಹೆಚ್ಚಿದ್ದರೆ ಬೇಕು. ನೀರು ಎಷ್ಟು ಆಳ ನಿಂತೀತು, ಎಷ್ಟು ವೇಗವಾಗಿ ಹರಿದೀತು, ಜನರು ಯಾವ ದಾರಿಯಿಂದ ಪಾರಾಗಬಹುದು, ಹವಾಮಾನ ಬದಲಾದಂತೆ ಈ ಅಳತೆಗಳು ಎಷ್ಟು ಹೆಚ್ಚುವುವು ಎಂಬುದನ್ನೆಲ್ಲ ವರದಿ ಹೇಳಬೇಕು.

ಇನ್ನೊಂದು ಪ್ರಶ್ನೆ ನೆರೆಯವರದು. 200 ಚದರ ಮೀಟರಿನ ದಿಬ್ಬವೊಂದನ್ನು ಅರ್ಧ ಮೀಟರು ನೀರು ನಿಲ್ಲುವ ಬಯಲಿನಲ್ಲಿ ಎತ್ತಿದೆವೆನ್ನೋಣ. ಅಲ್ಲಿ ತಂಗಬೇಕಾಗಿದ್ದ 100 ಘನ ಮೀಟರು, ಎಂದರೆ ಒಂದು ಲಕ್ಷ ಲೀಟರು ನೀರು ಬೇರೆಡೆಗೆ ಹೋಗಲೇಬೇಕು. ನಮ್ಮ ಮನೆ ಉಳಿದು ಪಕ್ಕದ ಮನೆ ಮುಳುಗುವಂತಾದರೆ ಅದು ರಕ್ಷಣೆಯಲ್ಲ. ಆದುದರಿಂದ ಅಷ್ಟೇ ನೀರಿಗೆ ಬೇರೊಂದು ಎಡೆಯನ್ನು ತೋಡಿ ಕೊಡಬೇಕಾಗುತ್ತದೆ.

ಇವೆಲ್ಲಕ್ಕೂ ಮುನ್ನ ಕೇಳಬೇಕಾದುದು ಒಂದುಂಟು: ಇದಕ್ಕಿಂತ ಅಪಾಯ ಕಡಿಮೆಯಿರುವ ನೆಲ ಬೇರೆಲ್ಲಿಯೂ ದೊರೆಯದೆ? ಇಂಗ್ಲೆಂಡಿನ ನಿಯಮದಲ್ಲಿ ಮೊದಲು ನಿಲ್ಲುವ ಪರೀಕ್ಷೆ ಇದೇ. ಗೋಡೆಯನ್ನು ಬಲಪಡಿಸುವುದು ಎರಡನೆಯ ಮಾತು. ತಕ್ಕ ನೆಲವನ್ನು ಆರಿಸುವುದು ಮೊದಲನೆಯದು.